ಅಮೈನ್ ಸರ್ಫ್ಯಾಕ್ಟೆಂಟ್ ಡ್ರಮ್ ತೆರೆಯುವ ಮುನ್ನ: ಕಣ್ಣು, ಚರ್ಮ, ಮೋರಿ ಮೂರನ್ನೂ ಕಾಯುವುದು ಹೇಗೆ

ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿದೆ. "ನಮ್ಮಲ್ಲಿಗೆ ಫ್ಯಾಟಿ ಅಮೈನ್ ಇಥಾಕ್ಸಿಲೇಟ್ ಡ್ರಮ್ ಬಂದಿದೆ. ನೋಡಿದರೆ ಸೋಪಿನ ಎಣ್ಣೆ ಥರ ಇದೆ. ಘಾಟು ಇಲ್ಲ, ಹೊಗೆ ಇಲ್ಲ. ಇದಕ್ಕೂ ಗ್ಲೌಸು, ಗಾಗಲ್ಸು ಎಲ್ಲ ಬೇಕಾ?"

ಬೇಕು, ಖಂಡಿತ ಬೇಕು. ಘಾಟಿಲ್ಲ ಅನ್ನುವುದೇ ಇಲ್ಲಿ ದೊಡ್ಡ ತೊಂದರೆ. ಘಾಟಿನ ಆಸಿಡ್ ಡ್ರಮ್ ತೆರೆದರೆ ಮೂಗು ತಾನೇ ಎಚ್ಚರಿಸುತ್ತದೆ, ನಾವು ಹಿಂದೆ ಸರಿಯುತ್ತೇವೆ. ಇದು ಹಾಗೆ ಎಚ್ಚರಿಸುವುದಿಲ್ಲ. ಕೈಗೆ ಬಿದ್ದರೂ ಒಡನೆ ಸುಡುವುದಿಲ್ಲ. ಆಮೇಲೆ ಉರಿ ಶುರುವಾಗುವ ಹೊತ್ತಿಗೆ ಅದು ತನ್ನ ಕೆಲಸ ಸುಮಾರು ಮಾಡಿ ಮುಗಿಸಿರುತ್ತದೆ. ಅದಕ್ಕೇ ಡ್ರಮ್ ಬಂದ ಕ್ಷಣದಿಂದ ಖಾಲಿ ಡ್ರಮ್ ಹೊರಹೋಗುವವರೆಗೆ ಏನು ಮಾಡಬೇಕು ಅಂತ ಒಂದೊಂದೇ ಹಂತವಾಗಿ ಬರೆದಿದ್ದೇನೆ.

ಮೊದಲು, ಇದು ಏನು?

ಸರ್ಫ್ಯಾಕ್ಟೆಂಟ್ ಅಂದರೆ ಎಣ್ಣೆಯನ್ನೂ ನೀರನ್ನೂ ಒಟ್ಟುಗೂಡಿಸುವ ವಸ್ತು. ಅದರ ಒಂದು ತುದಿಗೆ ಎಣ್ಣೆ ಇಷ್ಟ, ಇನ್ನೊಂದು ತುದಿಗೆ ನೀರು ಇಷ್ಟ. ಸೋಪು, ಡಿಟರ್ಜೆಂಟು ಎಲ್ಲ ಇದೇ ಜಾತಿ. ಅಮೈನ್ ಅಂದರೆ ಅಮೋನಿಯಾದ ಕುಟುಂಬಕ್ಕೆ ಸೇರಿದ, ಸಾರಜನಕ ಇರುವ ಕ್ಷಾರ ಗುಣದ ವಸ್ತು. ಪ್ರಾಣಿಯ ಕೊಬ್ಬು ಅಥವಾ ತೆಂಗಿನೆಣ್ಣೆಯಿಂದ ಬಂದ ಉದ್ದ ಸರಪಳಿಯ ಅಮೈನಿಗೆ ಇಥಿಲೀನ್ ಆಕ್ಸೈಡ್ ಎಂಬ ಅನಿಲವನ್ನು ಸೇರಿಸಿದರೆ ಫ್ಯಾಟಿ ಅಮೈನ್ ಇಥಾಕ್ಸಿಲೇಟ್ ಸಿಗುತ್ತದೆ. ಕೊಬ್ಬಿನಿಂದ ಬಂದದ್ದಕ್ಕೆ ಟ್ಯಾಲೋ ಅಮೈನ್ ಅಂತಲೂ ತೆಂಗಿನಿಂದ ಬಂದದ್ದಕ್ಕೆ ಕೋಕೋ ಅಮೈನ್ ಅಂತಲೂ ಹೆಸರು.

ಬಟ್ಟೆಗೆ ಬಣ್ಣ ಹಾಕುವಲ್ಲಿ, ಕಳೆನಾಶಕ ತಯಾರಿಕೆಯಲ್ಲಿ, ಲೋಹ ಕತ್ತರಿಸುವಾಗ ಬಳಸುವ ಕೂಲೆಂಟ್‌ನಲ್ಲಿ, ತುಕ್ಕು ತಡೆಯುವ ದ್ರವಗಳಲ್ಲಿ, ಪ್ಲಾಸ್ಟಿಕ್‌ಗೆ ಸ್ಥಿರ ವಿದ್ಯುತ್ ಹಿಡಿಯದಂತೆ ಮಾಡುವಲ್ಲಿ ಇದರ ಬಳಕೆ ಇದೆ.

ಹೆಸರಿನ ಪಕ್ಕ 2, 5, 15 ಅಂತ ಒಂದು ಸಂಖ್ಯೆ ಇರುತ್ತದೆ. ಒಂದು ಅಮೈನಿಗೆ ಸರಾಸರಿ ಎಷ್ಟು ಇಥಿಲೀನ್ ಆಕ್ಸೈಡ್ ಘಟಕ ಸೇರಿಸಿದ್ದಾರೆ ಅನ್ನುವ ಲೆಕ್ಕ ಅದು. ಈ ಸಂಖ್ಯೆಯನ್ನು ಕಡೆಗಣಿಸಬೇಡಿ. 2ರದ್ದು ಎಣ್ಣೆಯ ಸ್ವಭಾವದ್ದು, ನೀರಿನಲ್ಲಿ ಸರಿಯಾಗಿ ಕರಗದು, ಚರ್ಮಕ್ಕೆ ಜಾಸ್ತಿ ಕಟು. 15ರದ್ದು ನೀರಿನಲ್ಲಿ ಕರಗುತ್ತದೆ, ಚರ್ಮಕ್ಕೆ ಅದಕ್ಕಿಂತ ಸೌಮ್ಯ. ಆದರೆ ಕಣ್ಣಿನ ವಿಷಯದಲ್ಲಿ ಯಾವುದನ್ನೂ ಸೌಮ್ಯ ಅಂತ ನಂಬಬೇಡಿ.

ಎಲ್ಲೆಲ್ಲಿ ಪೆಟ್ಟು ಕೊಡುತ್ತದೆ?

ಕಣ್ಣಿಗೆ ಎಲ್ಲಕ್ಕಿಂತ ಜಾಸ್ತಿ. ಕ್ಷಾರ ಕಣ್ಣಿಗೆ ಬಿದ್ದರೆ ಮೇಲ್ಪದರದಲ್ಲೇ ನಿಲ್ಲುವುದಿಲ್ಲ. ಅಲ್ಲಿನ ಕೊಬ್ಬಿನಂಶವನ್ನು ಸೋಪಾಗಿಸುತ್ತ ಒಳಕ್ಕೆ ಇಳಿಯುತ್ತದೆ. ಇದು ಕ್ಷಾರವೂ ಹೌದು, ಸರ್ಫ್ಯಾಕ್ಟೆಂಟೂ ಹೌದು. ಹಾಗಾಗಿ ಇಂಥ ಬಹುತೇಕ ಸರಕುಗಳ ಲೇಬಲ್ ಮೇಲೆ "ಕಣ್ಣಿಗೆ ಗಂಭೀರ ಹಾನಿ" ಎಂಬ ಎಚ್ಚರಿಕೆ ಇರುತ್ತದೆ. ಇದನ್ನು ಸುಮ್ನೆ ಕಣ್ಣುರಿ ಅಂತ ಓದಿಕೊಳ್ಳಬೇಡಿ. ದೃಷ್ಟಿಯೇ ಹೋಗಬಹುದು ಅಂತ ಅದರ ಅರ್ಥ.

ಚರ್ಮಕ್ಕೆ ತಗುಲಿದರೆ ಜಾರುಜಾರಾಗಿ, ಸೋಪು ಹಚ್ಚಿದ ಹಾಗೆ ಅನಿಸುತ್ತದೆ. ಬೆರಳಿಗೆ ಬೆರಳು ಉಜ್ಜಿ ನೋಡುವ ಅಭ್ಯಾಸ ಹಲವರಿಗಿದೆ. ಆಗ ಚರ್ಮದ ಸ್ವಂತ ಎಣ್ಣೆಯೂ ಅದರ ಜೊತೆ ಕಿತ್ತುಕೊಂಡು ಬರುತ್ತಿರುತ್ತದೆ. ಹೀಗೇ ದಿನಾ ಆದರೆ ಚರ್ಮ ಒಣಗಿ, ಬಿರಿದು, ಕೆಂಪಾಗುತ್ತದೆ. ಕಡಿಮೆ ಸಂಖ್ಯೆಯ ದಟ್ಟ ಸರಕು ಚರ್ಮವನ್ನು ಸುಡಲೂ ಬಹುದು.

ನುಂಗಿದರೆ ಬಾಯಿ, ಗಂಟಲು, ಹೊಟ್ಟೆ ಎಲ್ಲಕ್ಕೂ ಹಾನಿ. ಮಾಮೂಲಿ ಉಷ್ಣತೆಯಲ್ಲಿ ಆವಿ ಬಹಳ ಕಡಿಮೆ. ಆದರೆ ಬಿಸಿ ಮಾಡಿದಾಗ ಅಥವಾ ಸ್ಪ್ರೇ ಮಾಡಿದಾಗ ಏಳುವ ಸಣ್ಣ ಹನಿಗಳನ್ನು ಉಸಿರಾಡಬಾರದು.

ಇನ್ನು ನೀರು. ಇದರ ಬಗ್ಗೆ ಯಾರೂ ಪ್ರಶ್ನೆ ಕೇಳುವುದೇ ಇಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀರಿನಲ್ಲಿ ಈ ಅಮೈನ್ ಧನ ವಿದ್ಯುದಂಶ ಪಡೆಯುತ್ತದೆ. ಮೀನಿನ ಕಿವಿರಿಗೆ, ಪಾಚಿಗೆ, ನೀರಿನ ಸಣ್ಣ ಜೀವಿಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಸತ್ತ ಮೀನು, ಒಣಗಿದ ಮರದ ಚಿತ್ರ ಇರುವ ಲೇಬಲ್ ನೋಡಿದ್ದೀರಲ್ವಾ? ಅದರ ಜೊತೆ "ಜಲಜೀವಿಗಳಿಗೆ ಅತ್ಯಂತ ವಿಷಕಾರಿ" ಎಂಬ ಎಚ್ಚರಿಕೆ ಇದ್ದರೆ, ಒಂದು ಲೀಟರ್ ನೀರಿಗೆ 1 ಮಿಲಿಗ್ರಾಂ ಅಥವಾ ಅದಕ್ಕಿಂತಲೂ ಕಡಿಮೆ ಸೇರಿದರೆ ಪರೀಕ್ಷೆಗೆ ಬಿಟ್ಟ ಜೀವಿಗಳಲ್ಲಿ ಅರ್ಧದಷ್ಟಕ್ಕೆ ಪೆಟ್ಟು ಬೀಳುತ್ತದೆ ಅಂತ ಅರ್ಥ. ಈಗ ಲೆಕ್ಕ ಹಾಕಿ. ಒಂದು ಕಿಲೋ ಅಂದರೆ 10 ಲಕ್ಷ ಮಿಲಿಗ್ರಾಂ. ಒಂದು ಕಿಲೋ ಮೋರಿಗೆ ಹೋದರೆ 10 ಲಕ್ಷ ಲೀಟರ್ ನೀರನ್ನು ಆ ಮಟ್ಟಕ್ಕೆ ತರಬಹುದು. ಗ್ಲೈಫೋಸೇಟ್ ಕಳೆನಾಶಕಗಳಲ್ಲಿ ಟ್ಯಾಲೋ ಅಮೈನ್ ಇಥಾಕ್ಸಿಲೇಟ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2016ರಲ್ಲಿ ನಿಷೇಧಿಸಿತು. ಅಷ್ಟು ಗಂಭೀರವಾಗಿ ನೋಡಬೇಕಾದ ವಸ್ತು ಇದು.

ಏನೇನು ಬೇಕು?

ಕೆಮಿಕಲ್ ಗಾಗಲ್ಸ್ ಬೇಕು. ಕಣ್ಣಿನ ಸುತ್ತ ಮುಖಕ್ಕೆ ಒತ್ತಿ ಕೂರುವಂಥದ್ದು. ಓದುವ ಕನ್ನಡಕವಾಗಲಿ, ಪಕ್ಕ ತೆರೆದಿರುವ ಸೇಫ್ಟಿ ಕನ್ನಡಕವಾಗಲಿ ಸಾಲದು. ಹನಿ ಕೆಳಗಿನಿಂದಲೂ ಪಕ್ಕದಿಂದಲೂ ಹಾರುತ್ತದೆ. ಪಂಪ್ ಮಾಡುವಾಗ, ಬಿಸಿ ಸರಕು ಸುರಿಯುವಾಗ ಗಾಗಲ್ಸ್ ಮೇಲೆ ಫೇಸ್ ಶೀಲ್ಡ್ ಕೂಡ ಹಾಕಿ. ಫೇಸ್ ಶೀಲ್ಡ್ ಇದೆ ಅಂತ ಗಾಗಲ್ಸ್ ಬಿಡಬಾರದು.

ಕೈಗೆ ನೈಟ್ರೈಲ್, ಬ್ಯೂಟೈಲ್ ಅಥವಾ ನಿಯೋಪ್ರೀನ್ ಎಂಬ ರಬ್ಬರಿನ ಗ್ಲೌಸ್, ಮೊಣಕೈವರೆಗೆ ಬರುವಷ್ಟು ಉದ್ದದ್ದು. ಡಾಕ್ಟರ್ ಹಾಕುವ ತೆಳು ಗ್ಲೌಸ್ ಒಂದೆರಡು ಹನಿ ಸಿಡಿದಾಗ ಕೂಡಲೇ ಕಳಚಿ ಎಸೆಯಲು ಆದೀತು, ಡ್ರಮ್ ಕೆಲಸಕ್ಕಲ್ಲ. ಬಟ್ಟೆಯ ಗ್ಲೌಸ್, ಚರ್ಮದ ಗ್ಲೌಸ್ ಬೇಡವೇ ಬೇಡ. ಅವು ಸರಕನ್ನು ಹೀರಿಕೊಂಡು ಕೈಗೆ ಒತ್ತಿ ಹಿಡಿಯುತ್ತವೆ.

ಉದ್ದನೆಯ ಏಪ್ರನ್, ರಬ್ಬರ್ ಬೂಟು ಹಾಕಿ. ಪ್ಯಾಂಟು ಬೂಟಿನ ಹೊರಗೆ ಇಳಿಬಿದ್ದಿರಲಿ. ಒಳಗೆ ತುರುಕಿದರೆ ಸುರಿದದ್ದೆಲ್ಲ ನೇರ ಬೂಟಿನೊಳಗೆ ಇಳಿಯುತ್ತದೆ. ಚರ್ಮದ ಶೂಗೆ ಇದು ಇಂಗಿದರೆ ತೊಳೆದು ತೆಗೆಯಲು ಆಗುವುದಿಲ್ಲ. ಆ ಶೂ ಬಿಸಾಡಬೇಕಾಗುತ್ತದೆ.

ಕಣ್ಣು ತೊಳೆಯುವ ಐ ವಾಶ್ ಬೇಕು. ಅಪಾಯದ ಜಾಗದಿಂದ 10 ಸೆಕೆಂಡಿನಲ್ಲಿ ತಲುಪುವಂತಿರಬೇಕು, ಕನಿಷ್ಠ 15 ನಿಮಿಷ ಬಿಡದೆ ನೀರು ಬರಬೇಕು ಅನ್ನುವುದು ಹೆಚ್ಚಿನ ಕಡೆ ಪಾಲಿಸುವ ಅಳತೆ. ಒಂದು ಪರೀಕ್ಷೆ ಮಾಡಿ ನೋಡಿ. ಡ್ರಮ್ ಪಕ್ಕ ನಿಂತು ಕಣ್ಣು ಮುಚ್ಚಿ, ಜೊತೆಗಾರರನ್ನು ಹತ್ತಿರ ಇಟ್ಟುಕೊಂಡು, ಐ ವಾಶ್‌ವರೆಗೆ ನಡೆಯಿರಿ. ದಾರಿಯಲ್ಲಿ ಟ್ರಾಲಿ ಅಡ್ಡ ಬಂತಾ? ಮೆಟ್ಟಿಲು ಸಿಕ್ಕಿತಾ? ಹಾಗಿದ್ದರೆ ಮೊದಲು ಅದನ್ನು ಸರಿಪಡಿಸಿ. ವಾರಕ್ಕೊಮ್ಮೆ ನೀರು ಬಿಟ್ಟು ನೋಡುವುದೂ ಮುಖ್ಯ. ಪೈಪಿನಲ್ಲಿ ನಿಂತ ತುಕ್ಕು ನೀರು ಗಾಯದ ಕಣ್ಣಿಗೆ ಹೋಗಬಾರದಲ್ವಾ?

ಇವುಗಳ ಜೊತೆ ಒಣ ಮರಳು ಅಥವಾ ವರ್ಮಿಕ್ಯುಲೈಟ್ (ದ್ರವ ಹೀರುವ ಹಗುರ ಖನಿಜ), ಪ್ಲಾಸ್ಟಿಕ್ ಸಲಿಕೆ, ಮುಚ್ಚಳ ಇರುವ ಖಾಲಿ ಡ್ರಮ್, ಮೋರಿ ಬಾಯಿ ಮುಚ್ಚುವ ರಬ್ಬರ್ ಹಾಳೆ ಕೈಗೆ ಸಿಗುವಂತಿರಲಿ.

ಹಂತ 1: ಲೇಬಲ್ ಮತ್ತು ಎಸ್‌ಡಿಎಸ್ ಓದಿ

ಎಸ್‌ಡಿಎಸ್ ಅಂದರೆ ಸೇಫ್ಟಿ ಡೇಟಾ ಶೀಟ್, ಸರಕಿನ ಸುರಕ್ಷತೆಯ ಜಾತಕ. ಅದರಲ್ಲಿ 16 ಭಾಗ ಇರುತ್ತವೆ. ಎಲ್ಲ ಒಂದೇ ಸಲ ಓದಲು ಆಗದಿದ್ದರೆ 2, 4, 6, 7, 8, 10 ಇಷ್ಟನ್ನಾದರೂ ಓದಿ. 2ರಲ್ಲಿ ಅಪಾಯ, 4ರಲ್ಲಿ ಪ್ರಥಮ ಚಿಕಿತ್ಸೆ, 6ರಲ್ಲಿ ಚೆಲ್ಲಿದರೆ ಏನು ಮಾಡಬೇಕು, 7ರಲ್ಲಿ ಬಳಕೆ ಮತ್ತು ದಾಸ್ತಾನು, 8ರಲ್ಲಿ ಗ್ಲೌಸು ಗಾಗಲ್ಸಿನ ವಿವರ, 10ರಲ್ಲಿ ಯಾವುದರ ಜೊತೆ ಸೇರಿಸಬಾರದು ಅಂತ ಇರುತ್ತದೆ.

ಸಿಎಎಸ್ ನಂಬರ್ ತಾಳೆ ನೋಡಿ. ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ ಅದು. ಟ್ಯಾಲೋ ಅಮೈನ್ ಇಥಾಕ್ಸಿಲೇಟ್‌ಗೆ 61791-26-2, ಕೋಕೋ ಅಮೈನ್ ಇಥಾಕ್ಸಿಲೇಟ್‌ಗೆ 61791-14-8. ಇಲ್ಲಿ ಹಲವರು ಎಡವುತ್ತಾರೆ. 2ರದ್ದಕ್ಕೂ 15ರದ್ದಕ್ಕೂ ಒಂದೇ ಸಿಎಎಸ್ ನಂಬರ್ ಇರಬಹುದು. ನಂಬರ್ ಒಂದೇ ಇದೆ ಅಂತ ಬೇರೆ ಗ್ರೇಡಿನ ಎಸ್‌ಡಿಎಸ್ ಇಟ್ಟುಕೊಂಡು ಕೆಲಸ ಮಾಡಬೇಡಿ. ಸರಕಿನ ಹೆಸರು, ಗ್ರೇಡು, ತಯಾರಕರು ಮೂರೂ ಹೊಂದಬೇಕು.

ಈ ಲೇಖನಕ್ಕೂ ನಿಮ್ಮ ಸರಕಿನ ಎಸ್‌ಡಿಎಸ್‌ಗೂ ಎಲ್ಲಾದರೂ ವ್ಯತ್ಯಾಸ ಕಂಡರೆ ಎಸ್‌ಡಿಎಸ್ ಹೇಳಿದ್ದನ್ನೇ ಮಾಡಿ.

ಹಂತ 2: ಪ್ರಥಮ ಚಿಕಿತ್ಸೆ ಮೊದಲೇ ಕಲಿತಿರಿ

ಸಾಮಾನ್ಯವಾಗಿ ಇದನ್ನು ಕೊನೆಯಲ್ಲಿ ಬರೆಯುತ್ತಾರೆ. ನಾನು ಬೇಕಂತಲೇ ಮುಂದೆ ತಂದಿದ್ದೇನೆ. ಕಣ್ಣಿಗೆ ಬಿದ್ದ ಮೇಲೆ ಕಾಗದ ಹುಡುಕಿ ಓದಲು ಆಗುವುದಿಲ್ಲ.

ಕಣ್ಣಿಗೆ ಬಿದ್ದರೆ: ಆ ಕ್ಷಣವೇ ನೀರು. ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಕಣ್ಣುಗುಡ್ಡೆಯನ್ನು ಮೇಲೆ ಕೆಳಗೆ ಎಡ ಬಲ ಆಡಿಸುತ್ತ, ಮೆಲ್ಲಗೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. 30 ನಿಮಿಷವಾದರೆ ಇನ್ನೂ ಒಳ್ಳೆಯದು. ಕಾಂಟ್ಯಾಕ್ಟ್ ಲೆನ್ಸ್ ಸುಲಭವಾಗಿ ಬರುವುದಾದರೆ ತೊಳೆಯುತ್ತಲೇ ತೆಗೆಯಿರಿ. ಒಂದೇ ಕಣ್ಣಿಗೆ ಬಿದ್ದಿದ್ದರೆ ತಲೆ ಆ ಕಡೆಗೆ ವಾಲಿಸಿ, ತೊಳೆದ ನೀರು ಇನ್ನೊಂದು ಕಣ್ಣಿಗೆ ಹರಿಯಬಾರದು. ರೆಪ್ಪೆ ತಾನಾಗಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಒಬ್ಬರೇ ಬಿಡಿಸುವುದು ಕಷ್ಟ. ಅದಕ್ಕೇ ಈ ಕೆಲಸ ಒಂಟಿಯಾಗಿ ಮಾಡಬೇಡಿ. ತೊಳೆದ ಮೇಲೆ ನೋವು ಕಡಿಮೆಯಾಯಿತು ಅಂತ ಸುಮ್ಮನಾಗಬೇಡಿ. ಎಸ್‌ಡಿಎಸ್ ಕೈಯಲ್ಲಿ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕು.

ನಿಂಬೆರಸ, ವಿನೆಗರ್ ಹಾಕಿ ಕ್ಷಾರವನ್ನು ಕಡಿಮೆ ಮಾಡಲು ಹೋಗಬೇಡಿ. ಕಣ್ಣಿಗಂತೂ ಅಲ್ಲವೇ ಅಲ್ಲ, ಚರ್ಮಕ್ಕೂ ಬೇಡ. ಅದರಿಂದ ಬಿಸಿ ಹುಟ್ಟುತ್ತದೆ, ಇನ್ನೊಂದು ಗಾಯ ಆಗುತ್ತದೆ, ತೊಳೆಯುವ ಸಮಯವೂ ಹಾಳು.

ಚರ್ಮಕ್ಕೆ ಬಿದ್ದರೆ: ಬಟ್ಟೆ, ವಾಚು, ಉಂಗುರ ಕೂಡಲೇ ತೆಗೆದು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಜಾರು ಹೋಗುವವರೆಗೆ ನಿಲ್ಲಿಸಬೇಡಿ. ಟೀಶರ್ಟ್ ನೆನೆದಿದ್ದರೆ ತಲೆಯ ಮೇಲಿಂದ ಎಳೆಯದೆ ಕತ್ತರಿಸಿ ತೆಗೆಯಿರಿ. ಇಲ್ಲದಿದ್ದರೆ ಹೊಟ್ಟೆಗೆ ತಗುಲಿದ್ದು ಮುಖಕ್ಕೆ, ಕಣ್ಣಿಗೆ ಬಳಿದುಕೊಳ್ಳುತ್ತದೆ.

ನುಂಗಿದರೆ: ವಾಂತಿ ಮಾಡಿಸಬೇಡಿ. ವಾಂತಿಯಲ್ಲಿ ಬಂದ ನೊರೆ ಶ್ವಾಸಕೋಶಕ್ಕೆ ಹೋದರೆ ಹೊಟ್ಟೆಯಲ್ಲಿದ್ದಾಗಿನದಕ್ಕಿಂತ ದೊಡ್ಡ ಅಪಾಯ. ಎಚ್ಚರ ಇದ್ದರೆ ಬಾಯಿ ಮುಕ್ಕಳಿಸಿ ಉಗಿಯಲಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಹಂತ 3: ಜಾಗ ಸಿದ್ಧ ಮಾಡಿ

ಡ್ರಮ್ಮನ್ನು ಬಂಡ್ ಒಳಗೆ ಇಡಿ. ಬಂಡ್ ಅಂದರೆ ಸೋರಿದ್ದು ಹೊರಗೆ ಹರಿಯದಂತೆ ಸುತ್ತ ಕಟ್ಟಿದ ಕಟ್ಟೆ ಅಥವಾ ಡ್ರಮ್ ಕೆಳಗಿನ ದೊಡ್ಡ ತಟ್ಟೆ. ಒಳಗಿರುವ ದೊಡ್ಡ ಡ್ರಮ್ಮಿನ ಅಳತೆಯ 110 ಶೇಕಡಾ ಹಿಡಿಯುವಂತಿರಬೇಕು ಅನ್ನುವುದು ರೂಢಿಯ ಲೆಕ್ಕ. 200 ಲೀಟರ್ ಡ್ರಮ್ಮಿಗೆ 220 ಲೀಟರ್. ಹತ್ತಿರದ ಮೋರಿ ಬಾಯಿ ಎಲ್ಲಿದೆ ಅಂತ ನೋಡಿ, ಕೆಲಸ ಶುರು ಮಾಡುವ ಮೊದಲೇ ಮುಚ್ಚಿ. ಚೆಲ್ಲಿದ ಮೇಲೆ ಓಡಿ ಹೋಗಿ ಮುಚ್ಚುವಷ್ಟು ಸಮಯ ಸಿಗುವುದಿಲ್ಲ.

ಆಸಿಡ್, ಬ್ಲೀಚ್, ಪೆರಾಕ್ಸೈಡ್ ಹತ್ತಿರ ಇರಬಾರದು. ಆಸಿಡ್ ಜೊತೆ ಸೇರಿದರೆ ಜೋರಾಗಿ ಬಿಸಿಯೇರುತ್ತದೆ. ಬ್ಲೀಚ್ ಜೊತೆ ಸೇರಿದರೆ ಉಸಿರಿಗೆ ಕೆಟ್ಟ ಅನಿಲ ಏಳಬಹುದು.

ಕೂಲೆಂಟ್ ತಯಾರಿಸುವವರಿಗೆ ಒಂದು ವಿಶೇಷ ಎಚ್ಚರಿಕೆ ಇದೆ. ಸೋಡಿಯಂ ನೈಟ್ರೈಟ್ ಎಂಬ ತುಕ್ಕು ತಡೆಯುವ ಉಪ್ಪನ್ನು ಅಮೈನ್ ಇರುವ ಮಿಶ್ರಣಕ್ಕೆ ಹಾಕಬೇಡಿ. ಅಮೈನ್ ಮತ್ತು ನೈಟ್ರೈಟ್ ಸೇರಿದರೆ ನೈಟ್ರೋಸಮೈನ್‌ಗಳು ಹುಟ್ಟಬಹುದು. ಅವುಗಳಲ್ಲಿ ಹಲವು ಕ್ಯಾನ್ಸರ್ ತರುವಂಥವು. ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ, ಹಾಗಾಗಿ ತಪ್ಪು ಆಗಿದೆ ಅಂತ ಗೊತ್ತೇ ಆಗುವುದಿಲ್ಲ.

ಹಂತ 4: ಗಟ್ಟಿಯಾದ ಡ್ರಮ್ ಕರಗಿಸುವುದು

ಚಳಿಯಲ್ಲಿ ಈ ಸರಕು ತುಪ್ಪದ ಹಾಗೆ ಹೆಪ್ಪುಗಟ್ಟುತ್ತದೆ ಅಥವಾ ಪೇಸ್ಟ್ ಆಗುತ್ತದೆ. ನನ್ನ ಪ್ರಕಾರ ಅತಿ ಹೆಚ್ಚು ತಪ್ಪುಗಳು ಆಗುವುದು ಇದೇ ಹಂತದಲ್ಲಿ. ಬೇಗ ಮುಗಿಯಲಿ ಅಂತ ಡ್ರಮ್ ಕೆಳಗೆ ಬೆಂಕಿ ಹಾಕುವವರಿದ್ದಾರೆ, ಗ್ಯಾಸ್ ಬರ್ನರ್ ಹಿಡಿಯುವವರಿದ್ದಾರೆ. ದಯವಿಟ್ಟು ಬೇಡ.

ಮೊದಲು ಮುಚ್ಚಳವನ್ನು ಹಂತ 5ರಲ್ಲಿ ಹೇಳಿದ ಎಚ್ಚರಿಕೆಯೊಂದಿಗೆ ಸ್ವಲ್ಪ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಬಿಸಿಯಾದಾಗ ಒಳಗಿನದು ಹಿಗ್ಗುತ್ತದೆ, ಬಿಗಿದ ಡ್ರಮ್ ಉಬ್ಬಿ ಸಿಡಿಯಬಹುದು. ಆಮೇಲೆ ಬಿಸಿ ಕೋಣೆಯಲ್ಲಿ, ಅಥವಾ ಉಷ್ಣತೆ ನಿಯಂತ್ರಣ ಇರುವ ಡ್ರಮ್ ಹೀಟರ್ ಸುತ್ತಿ, ನಿಧಾನವಾಗಿ ಬಿಸಿ ಮಾಡಿ. ಹೆಚ್ಚಿನ ಗ್ರೇಡುಗಳಿಗೆ 40ರಿಂದ 50 ಡಿಗ್ರಿ ಸೆಲ್ಸಿಯಸ್ ಸಾಕಾಗುತ್ತದೆ, ನಿಮ್ಮ ಗ್ರೇಡಿನ ಮಿತಿಯನ್ನು ಎಸ್‌ಡಿಎಸ್‌ನ 7ನೇ ಭಾಗದಲ್ಲಿ ನೋಡಿ. ಇಡೀ ಡ್ರಮ್ ಕರಗಲು ಒಂದು ದಿನ ಹಿಡಿದರೂ ಹಿಡಿಯಲಿ. ಒಂದೇ ಕಡೆ ಅತಿ ಬಿಸಿಯಾದರೆ ಸರಕು ಕಪ್ಪಾಗುತ್ತದೆ, ಕೆಡುತ್ತದೆ.

ಮೇಲೆ ಕರಗಿದ್ದನ್ನಷ್ಟೇ ತೆಗೆದು ಬಳಸುವುದೂ ತಪ್ಪು. ಹೆಪ್ಪುಗಟ್ಟುವಾಗ ಒಳಗಿನ ಅಂಶಗಳು ಬೇರೆಯಾಗಿರುತ್ತವೆ. ಮೇಲಿನದಕ್ಕೂ ತಳದಲ್ಲಿ ಇರುವುದಕ್ಕೂ ಗುಣ ಬೇರೆ. ಪೂರ್ತಿ ಕರಗಿಸಿ, ಕಲಕಿ, ಆಮೇಲೇ ತೆಗೆಯಿರಿ.

ಬಿಸಿ ಸರಕು ನೀರಿನಂತೆ ತೆಳುವಾಗಿ ಚಿಮ್ಮುತ್ತದೆ ಅನ್ನುವುದು ನೆನಪಿರಲಿ. ನಿನ್ನೆ ಜೇನಿನ ಹಾಗೆ ಇಳಿಯುತ್ತಿದ್ದದ್ದು ಇವತ್ತು ಸಿಡಿಯುತ್ತದೆ.

ಹಂತ 5: ಮುಚ್ಚಳ ತೆರೆಯುವುದು

ಇಥಾಕ್ಸಿಲೇಟ್ ತಯಾರಿಸುವಾಗ ಬಳಸಿದ ಇಥಿಲೀನ್ ಆಕ್ಸೈಡ್ ಅತ್ಯಲ್ಪ ಪ್ರಮಾಣದಲ್ಲಿ ಉಳಿದಿರಬಹುದು. ಅದು ಡ್ರಮ್ಮಿನ ಮೇಲ್ಭಾಗದ ಖಾಲಿ ಜಾಗದಲ್ಲಿ ಸೇರಿಕೊಳ್ಳುತ್ತದೆ. ಇಥಿಲೀನ್ ಆಕ್ಸೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅನ್ನುವುದು ಖಚಿತವಾದ ವಿಷಯ. ಬೇಗ ಬೆಂಕಿಯೂ ಹಿಡಿಯುತ್ತದೆ. ಅದರ ವಾಸನೆ ಮೂಗಿಗೆ ಗೊತ್ತಾಗುವ ಹೊತ್ತಿಗೆ ಸುರಕ್ಷಿತ ಮಿತಿ ಯಾವಾಗಲೋ ದಾಟಿರುತ್ತದೆ. ಆದ್ದರಿಂದ ಗಾಳಿ ಚೆನ್ನಾಗಿ ಆಡುವ ಕಡೆ, ಬೆಂಕಿ, ಕಿಡಿ ಇಲ್ಲದ ಕಡೆ ತೆರೆಯಿರಿ. ಮುಖ ಮುಚ್ಚಳದ ಮೇಲೆ ಬರಬಾರದು. ಪಕ್ಕಕ್ಕೆ ನಿಂತು, ಮುಚ್ಚಳ ಕಾಲು ಸುತ್ತು ತಿರುಗಿಸಿ, ಒತ್ತಡ ಹೋಗಲು ಬಿಡಿ. ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ. "ಎಷ್ಟಿದೆ ನೋಡೋಣ" ಅಂತ ತೂತಿಗೆ ಕಣ್ಣಿಟ್ಟು ಇಣುಕುವುದು ಬೇಡ. ಅಳತೆ ಕೋಲು ಬಳಸಿ.

ದೊಡ್ಡ ಟ್ಯಾಂಕಿಗಾದರೆ ಒಳಗೆ ಇಳಿಯುವ ಮಾತೇ ಬೇರೆ. ಸರಕು ಕೆಡದಿರಲೆಂದು ಮೇಲೆ ಸಾರಜನಕ ತುಂಬಿಸಿರುವ ಟ್ಯಾಂಕಿನಲ್ಲಿ ಉಸಿರಾಡಲು ಗಾಳಿಯೇ ಇರುವುದಿಲ್ಲ. ಗಾಳಿ ಪರೀಕ್ಷೆ, ಅನುಮತಿ ಪತ್ರ, ಹೊರಗೆ ಕಾವಲು ಇವಿಲ್ಲದೆ ಯಾರೂ ತಲೆ ಕೂಡ ಹಾಕಬಾರದು.

ಹಂತ 6: ಸರಕು ತೆಗೆಯುವುದು

ಡ್ರಮ್ ಪಂಪ್ ಬಳಸಿ. ಬಾಯಿಂದ ಪೈಪ್ ಎಳೆಯುವುದು ಯಾವ ಕಾರಣಕ್ಕೂ ಬೇಡ. ಪಂಪು, ವಾಲ್ವು, ಪಾತ್ರೆಗಳು ಸ್ಟೇನ್‌ಲೆಸ್ ಸ್ಟೀಲ್ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್‌ನದ್ದಾಗಿರಲಿ. ತಾಮ್ರ, ಹಿತ್ತಾಳೆ, ಸತು ಲೇಪನದ ಬಕೆಟ್, ಅಲ್ಯೂಮಿನಿಯಂ ಬೇಡ. ಅಮೈನ್ ಇವುಗಳನ್ನು ತಿನ್ನುತ್ತದೆ. ಸ್ಟೀಲ್ ಪೈಪಿನ ನಡುವೆ ಒಂದೇ ಒಂದು ಹಿತ್ತಾಳೆ ವಾಲ್ವ್ ಇದ್ದರೂ ಕಾಲಕ್ರಮದಲ್ಲಿ ಅಲ್ಲೇ ಸೋರಲು ಶುರುವಾಗುತ್ತದೆ.

ಪೈಪನ್ನು ಹೊರತೆಗೆಯುವ ಗಳಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪಂಪ್ ನಿಂತಿದೆ. ಕೆಲಸ ಮುಗಿಯಿತು ಅನಿಸುತ್ತದೆ. ಪೈಪಿನ ತುದಿಯಲ್ಲಿ ಇನ್ನೂ ಒಂದು ಗುಟುಕು ಸರಕು ನಿಂತಿರುತ್ತದೆ, ದಪ್ಪ ಇರುವುದರಿಂದ ಕೂಡಲೇ ಇಳಿಯುವುದಿಲ್ಲ. ಪೈಪನ್ನು ಎತ್ತಿ ತಿರುಗಿಸಿದಾಗ ಅದು ಗ್ಲೌಸಿನ ಮೇಲೆ ಇಳಿಯುತ್ತದೆ. ಕೈ ಮೇಲಿದೆ, ಹಾಗಾಗಿ ಮೊಣಕೈ ಕಡೆಗೆ ಹರಿದು, ಗ್ಲೌಸಿನ ಬಾಯಿಂದ ಒಳಗೆ ಸೇರುತ್ತದೆ. ಒಳಗೆ ಹೋದದ್ದು ಬೆವರಿನ ಜೊತೆ ಸೇರಿ ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ಗ್ಲೌಸ್ ಹಾಕಿದ್ದೂ ಕೈ ಸುಟ್ಟಿತು ಅನ್ನುವವರಲ್ಲಿ ಹಲವರ ಕಥೆ ಇದೇ. ಎರಡು ಕೆಲಸ ಮಾಡಿ. ಗ್ಲೌಸಿನ ಅಂಚನ್ನು ಎರಡು ಬೆರಳಿನಷ್ಟು ಹೊರಕ್ಕೆ ಮಡಚಿ, ಹರಿದದ್ದು ಆ ಮಡಿಕೆಯಲ್ಲಿ ನಿಲ್ಲುತ್ತದೆ. ಪೈಪನ್ನು ಎತ್ತುವ ಮೊದಲು ಡ್ರಮ್ ಬಾಯಲ್ಲೇ ಎರಡು ನಿಮಿಷ ಬಸಿಯಲು ಬಿಡಿ.

ಹಂತ 7: ನೀರಿಗೆ ಬೆರೆಸುವುದು

ಮೊದಲು ನೀರು, ಆಮೇಲೆ ಸರ್ಫ್ಯಾಕ್ಟೆಂಟ್. ಉಗುರು ಬೆಚ್ಚಗಿನ ನೀರಿಗೆ ನಿಧಾನವಾಗಿ ಹಾಕುತ್ತ ಮೆಲ್ಲಗೆ ಕಲಕಿ. ಸರ್ಫ್ಯಾಕ್ಟೆಂಟ್ ಮೇಲೆ ನೀರು ಸುರಿದರೆ ಅರ್ಧಕ್ಕರ್ಧ ಆಗುವ ಹಂತದಲ್ಲಿ ಹಲವು ಗ್ರೇಡುಗಳು ಗಟ್ಟಿ ಜೆಲ್ ಆಗಿ ನಿಲ್ಲುತ್ತವೆ. ಆಗ ಕಲಕುವ ಯಂತ್ರ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಕೈ ಹಾಕುತ್ತಾರೆ. ಯಂತ್ರ ನಿಲ್ಲಿಸಿ, ಪ್ಲಗ್ ತೆಗೆಯದೆ ಕೈ ಹಾಕಬಾರದು. ಜೋರಾಗಿ ಕಲಕಿದರೆ ನೊರೆ ಉಕ್ಕಿ ಪಾತ್ರೆಯ ಹೊರಗೆ ಬರುತ್ತದೆ. ಅದಕ್ಕೇ ಪಾತ್ರೆಯನ್ನು ಮುಕ್ಕಾಲಿಗಿಂತ ಜಾಸ್ತಿ ತುಂಬಬೇಡಿ.

ಪಿಎಚ್ (ಆಮ್ಲ, ಕ್ಷಾರ ಗುಣದ ಅಳತೆ) ಇಳಿಸಲು ಆಸಿಡ್ ಹಾಕಬೇಕಾದರೆ, ಪೂರ್ತಿ ನೀರಿನಲ್ಲಿ ಕರಗಿದ ಮೇಲೆ, ತೆಳು ಮಾಡಿದ ಆಸಿಡನ್ನು ಸ್ವಲ್ಪ ಸ್ವಲ್ಪವೇ ಹಾಕಿ. ನಡುನಡುವೆ ಉಷ್ಣತೆ ನೋಡಿ. ದಟ್ಟ ಅಮೈನಿಗೆ ದಟ್ಟ ಆಸಿಡ್ ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ.

ಸಾಮಾನ್ಯ ಡಿಟರ್ಜೆಂಟಿನ ಜೊತೆ ಬೆರೆಸುವುದಿದ್ದರೆ ಮೊದಲು ಒಂದು ಗಾಜಿನ ಲೋಟದಷ್ಟು ಮಾಡಿ ನೋಡಿ. ಡಿಟರ್ಜೆಂಟು ಋಣ ವಿದ್ಯುದಂಶದ್ದು, ಇದು ಧನ. ಎರಡೂ ಸೇರಿ ಮೊಸರು ಒಡೆದಂತೆ ಆಗಬಹುದು.

ಹಂತ 8: ಚೆಲ್ಲಿದರೆ

ಮೊದಲ ಆಸೆ ಪೈಪ್ ಹಿಡಿದು ನೀರು ಹೊಡೆಯುವುದು. ಅದನ್ನು ಮಾಡಬೇಡಿ. ಒಂದು ಲೀಟರ್ ಚೆಲ್ಲಿದ್ದು ಇಡೀ ಕೋಣೆ ತುಂಬ ನೊರೆಯಾಗುತ್ತದೆ, ನೆಲ ಐಸಿನ ಹಾಗೆ ಜಾರುತ್ತದೆ, ಉಳಿದದ್ದು ಮೋರಿಗೆ ಹೋಗುತ್ತದೆ.

ಜನರನ್ನು ದೂರ ಕಳಿಸಿ. ಮೋರಿ ಬಾಯಿ ಮುಚ್ಚಿದೆಯಾ ನೋಡಿ. ಚೆಲ್ಲಿದ್ದರ ಸುತ್ತ ಮರಳಿನ ಕಟ್ಟೆ ಹಾಕಿ, ಹೊರಗಿನಿಂದ ಒಳಕ್ಕೆ ಮರಳು ಹರಡುತ್ತ ಬನ್ನಿ. ಹೀರಿಕೊಂಡದ್ದನ್ನು ಪ್ಲಾಸ್ಟಿಕ್ ಸಲಿಕೆಯಿಂದ ತೆಗೆದು ಮುಚ್ಚಳದ ಡ್ರಮ್ಮಿಗೆ ತುಂಬಿ, ಲೇಬಲ್ ಅಂಟಿಸಿ. ಕೊನೆಗೆ ಉಳಿದ ಜಾರನ್ನು ಒದ್ದೆ ಬಟ್ಟೆಯಿಂದ ಹಲವು ಸಲ ಒರೆಸಿ. ಬೂಟಿನ ತಳ ಒರೆಸಿಕೊಳ್ಳದೆ ಬೇರೆ ಕಡೆ ನಡೆಯಬೇಡಿ.

ಮರದ ಹೊಟ್ಟು ಸುಲಭವಾಗಿ ಸಿಗುತ್ತದೆ ನಿಜ, ಆದರೆ ಬೇಡ. ಇಂಥ ಸರಕು ಹೊಟ್ಟು, ಹತ್ತಿ, ಪೈಪಿಗೆ ಸುತ್ತಿದ ಶಾಖ ನಿರೋಧಕ ಇವುಗಳಲ್ಲಿ ಇಂಗಿದರೆ ಗಾಳಿಯ ಜೊತೆ ಸೇರಿ ಒಳಗೊಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳುವ ಸಂಭವ ಇದೆ. ಬಿಸಿ ಪೈಪಿನ ಮೇಲಿನ ಸುತ್ತಿಗೆ ಸೋರಿದ್ದರೆ ಆ ಭಾಗ ಕಿತ್ತು ಬದಲಾಯಿಸಿ. ಒರೆಸಿದ ಬಟ್ಟೆಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಬೇಡಿ, ನೀರಿನಲ್ಲಿ ನೆನೆಸಿ ಮುಚ್ಚಿದ ಲೋಹದ ಡಬ್ಬದಲ್ಲಿಡಿ.

ಹಂತ 9: ದಾಸ್ತಾನು, ಖಾಲಿ ಡ್ರಮ್

ಬಿಸಿಲು ಬೀಳದ, ಒಣ ಜಾಗದಲ್ಲಿ, ಮುಚ್ಚಳ ಬಿಗಿದು ಇಡಿ. ನೀರಿನ, ಪಾನೀಯದ ಬಾಟಲಿಗೆ ಸ್ವಲ್ಪವೇ ಸ್ವಲ್ಪ ಸುರಿದಿಟ್ಟುಕೊಳ್ಳುವುದು ಬೇಡ. ಹೊಂಬಣ್ಣದ ಈ ದ್ರವ ಜ್ಯೂಸಿನ ಹಾಗೆ, ಎಣ್ಣೆಯ ಹಾಗೆ ಕಾಣುತ್ತದೆ. ಯಾರಾದರೂ ಕುಡಿದುಬಿಟ್ಟರೆ?

ಖಾಲಿ ಡ್ರಮ್ ನಿಜವಾಗಿ ಖಾಲಿ ಅಲ್ಲ. ದಪ್ಪ ದ್ರವ ಒಳಗೋಡೆಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಕುಡಿಯುವ ನೀರಿಗೆ, ಧಾನ್ಯಕ್ಕೆ, ದನಕರುಗಳ ನೀರಿಗೆ ಬಳಸಬಾರದು, ಎಷ್ಟು ಸಲ ತೊಳೆದರೂ ಬೇಡ. ಕತ್ತರಿಸಲು, ವೆಲ್ಡಿಂಗ್ ಮಾಡಲು ಹೋಗಬೇಡಿ, ಒಳಗಿನ ಆವಿ ಹೊತ್ತಿ ಸಿಡಿಯಬಹುದು. ಮುಚ್ಚಳ ಬಿಗಿದು, ಲೇಬಲ್ ಹಾಗೇ ಬಿಟ್ಟು, ಅಪಾಯಕಾರಿ ತ್ಯಾಜ್ಯಕ್ಕೆ ಅನುಮತಿ ಇರುವವರಿಗೇ ಕೊಡಿ. ಡ್ರಮ್ ತೊಳೆದ ನೀರೂ ತ್ಯಾಜ್ಯವೇ. ಅದನ್ನು ಮುಂದಿನ ಬ್ಯಾಚಿಗೆ ಬಳಸಿಕೊಳ್ಳಲು ಆದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಹಂತ 10: ಗ್ಲೌಸ್ ಬಿಚ್ಚುವುದು

ಕೈಯಲ್ಲಿ ಗ್ಲೌಸ್ ಇರುವಾಗಲೇ ಅದನ್ನು ನೀರಿನಲ್ಲಿ, ಜಾರು ಹೋಗುವವರೆಗೆ ತೊಳೆಯಿರಿ. ಈ ನೀರೂ ತ್ಯಾಜ್ಯದ ಡ್ರಮ್ಮಿಗೇ ಹೋಗಲಿ. ಆಮೇಲೆ ಏಪ್ರನ್, ಬೂಟು, ಗ್ಲೌಸ್ ಬಿಚ್ಚಿ. ಬರಿಗೈಯನ್ನು ಸೋಪು ಹಾಕಿ ತೊಳೆದ ಮೇಲೇ ಗಾಗಲ್ಸ್ ತೆಗೆಯಿರಿ, ಅದೂ ತಲೆಯ ಹಿಂದಿನ ಪಟ್ಟಿ ಹಿಡಿದು. ಮುಂಭಾಗಕ್ಕೆ ಸಿಡಿದ ಹನಿ ಬೆರಳಿಗೆ ಬಂದು, ಬೆರಳಿನಿಂದ ಕಣ್ಣಿಗೆ ಹೋಗಬಾರದು. ಕೆಲಸದ ಬಟ್ಟೆಯನ್ನು ಮನೆಯ ಬಟ್ಟೆಗಳ ಜೊತೆ ಒಗೆಯಬೇಡಿ.

ಫೋನ್ ಬಗ್ಗೆಯೂ ಹೇಳಬೇಕು. ನಡುವೆ ಕರೆ ಬಂತು ಅಂತ ಗ್ಲೌಸ್ ಹಾಕಿದ ಕೈಯಲ್ಲೇ ಫೋನ್ ಎತ್ತಿ, ಸಂಜೆ ಅದೇ ಫೋನನ್ನು ಬರಿಗೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಳ್ಳುತ್ತೇವೆ. ಕೆಲಸದ ಜಾಗಕ್ಕೆ ಫೋನ್ ತರಲೇಬೇಡಿ. ತಂದು ಮುಟ್ಟಿದ್ದೇ ಆದರೆ, ಹೊರಡುವ ಮುಂಚೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ತ್ಯಾಜ್ಯದ ಡಬ್ಬಕ್ಕೆ ಹಾಕಿ.